1941ರ ಆಸ್ಕರ್: ‘ಸಿಟಿಜನ್ ಕೇನ್’ಗೆ ನಿಜಕ್ಕೂ ಅನ್ಯಾಯವಾಯಿತೇ?

ಗಾಂಧಿಬಜಾರ್ ಗಿರಾಕಿ

ಆಸ್ಕರ್ ತಪ್ಪು ಕೈಗೆ ಹೋದ ವರ್ಷಗಳ ಪಟ್ಟಿ ಯಾರೇ ಮಾಡಲಿ, ಮೊದಲ ಏಟು ಬೀಳುವುದು ಜಾನ್ ಫೋರ್ಡ್ ನಿರ್ದೇಶಿಸಿದ ‘ಹೌ ಗ್ರೀನ್ ವಾಸ್ ಮೈ ವ್ಯಾಲಿ’ಯ ಬೆನ್ನಿಗೆ. ಅದು ಮಾಡಿದ ಅಪರಾಧ ಒಂದೇ. 1941ರ ಚಿತ್ರಗಳಿಗೆ ಪ್ರಶಸ್ತಿ ಹಂಚುವಾಗ ಆರ್ಸನ್ ವೆಲ್ಸ್ ನಿರ್ದೇಶಿಸಿದ ‘ಸಿಟಿಜನ್ ಕೇನ್’ ಅನ್ನು ಹಿಂದೆ ಹಾಕಿ ಅತ್ಯುತ್ತಮ ಚಿತ್ರ ಅನ್ನಿಸಿಕೊಂಡಿತು. ಬೈಯುವವರಲ್ಲಿ ಎಷ್ಟು ಜನ ಅದನ್ನು ಕುಳಿತು ನೋಡಿದ್ದಾರೋ ನನಗೆ ಅನುಮಾನ.

ನೋಡದವರಿಗಾಗಿ ಎರಡು ಮಾತು. ವೇಲ್ಸ್‌ನ ಕಲ್ಲಿದ್ದಲು ಗಣಿಯ ಹಳ್ಳಿ, ಮಾರ್ಗನ್ ಎಂಬ ತುಂಬು ಕುಟುಂಬ. ಕೂಲಿ ಇಳಿಯುತ್ತದೆ, ಮುಷ್ಕರ ಬರುತ್ತದೆ, ಸಂಘ ಕಟ್ಟಬೇಕೆನ್ನುವ ಗಂಡುಮಕ್ಕಳು ಅಪ್ಪನೊಂದಿಗೆ ಜಗಳವಾಡಿ ಮನೆ ಬಿಡುತ್ತಾರೆ. ಕತೆ ಹೇಳುವವನು ಕೊನೆಯ ಮಗ ಹ್ಯೂ. ಅವನ ಅಕ್ಕ ಆಂಗರಾಡ್‌ಗೆ ಊರಿನ ಪಾದ್ರಿ ಗ್ರಫಿಡ್ ಮೇಲೆ ಮನಸ್ಸು. ಅವನಿಗೂ ಅವಳ ಮೇಲೆ. ಬಡತನದ ಬಾಳಿಗೆ ಅವಳನ್ನು ಎಳೆಯಬಾರದೆಂದು ಅವನು ಹಿಂದೆ ಸರಿಯುತ್ತಾನೆ. ಅವಳು ಗಣಿ ಮಾಲೀಕನ ಮಗನನ್ನು ಮದುವೆಯಾಗುತ್ತಾಳೆ.

ಆ ಮದುವೆ ಮುಗಿದು ಚರ್ಚಿನಿಂದ ಹೊರಗೆ ಬರುವ ದೃಶ್ಯವನ್ನು ದಯವಿಟ್ಟು ನೋಡಿ. ವಧುವಿನ ಮುಸುಕು ಗಾಳಿಗೆ ಮೇಲೆದ್ದು ಹಾರುತ್ತದೆ. ಅವಳ ಮುಖದಲ್ಲಿ ನಗು ಇಲ್ಲ. ಗಾಡಿ ಹೊರಟುಹೋಗುತ್ತದೆ. ಹಿಂದೆ, ಬಹಳ ದೂರದಲ್ಲಿ, ಮರದ ಕೆಳಗೆ ಪಾದ್ರಿ ನಿಂತಿದ್ದಾನೆ. ಫೋರ್ಡ್ ಅವನ ಮುಖವನ್ನು ಹತ್ತಿರದಿಂದ ತೋರಿಸುವುದೇ ಇಲ್ಲ. ಬೇರೆ ಯಾವ ನಿರ್ದೇಶಕನಾದರೂ ಅಲ್ಲಿ ಒಂದು ಕ್ಲೋಸಪ್, ಒದ್ದೆಯಾದ ಕಣ್ಣು, ಪಿಟೀಲು ಎಲ್ಲ ಸೇರಿಸುತ್ತಿದ್ದ. ಇಂಥ ಸಂಯಮವಿರುವ ಚಿತ್ರಕ್ಕೆ ಪ್ರಶಸ್ತಿ ಬಂದರೆ ಅದು ಹಗಲುದರೋಡೆ ಹೇಗಾಗುತ್ತದೆ? ಅದು ಅರ್ಹವಾಗಿಯೇ ಗೆದ್ದಿತು ಎಂಬುದು ನನ್ನ ವಾದ. ಬನ್ನಿ, ಜಗಳವಾಡೋಣ.

ಕತ್ತರಿ ಪ್ರಯೋಗ

ಗಿರಾಕಿ ಅವರೇ, ಜಗಳಕ್ಕೆ ಕರೆದಿದ್ದೀರಿ, ಬಂದೆ.

ಮೊದಲು ಲೆಕ್ಕ. ‘ಕೇನ್’ಗೆ ಒಂಬತ್ತು ನಾಮನಿರ್ದೇಶನ. ಕೈಗೆ ಬಂದದ್ದು ಒಂದು: ಹರ್ಮನ್ ಮ್ಯಾಂಕಿವಿಟ್ಜ್ ಮತ್ತು ಆರ್ಸನ್ ವೆಲ್ಸ್ ಹಂಚಿಕೊಂಡ ಚಿತ್ರಕಥೆಯ ಪ್ರಶಸ್ತಿ. ಫೋರ್ಡ್ ಚಿತ್ರಕ್ಕೆ ಹತ್ತರಲ್ಲಿ ಐದು. ಇದು ಬರೀ ಅಭಿರುಚಿಯ ತೀರ್ಪು ಎಂದು ನಂಬಬೇಕೆ? ಕೇನ್ ಪಾತ್ರದಲ್ಲಿ ಪತ್ರಿಕಾ ದೊರೆ ವಿಲಿಯಂ ರಾಂಡಾಲ್ಫ್ ಹರ್ಸ್ಟ್‌ನ ನೆರಳಿದೆ ಎಂದು ಗೊತ್ತಾದ ಕೂಡಲೇ ಅವನ ಪತ್ರಿಕೆಗಳಲ್ಲಿ ಚಿತ್ರದ ಹೆಸರು ಅಚ್ಚಾಗದಂತೆ ಕಟ್ಟಪ್ಪಣೆಯಾಯಿತು. ಎಂಜಿಎಂ ಸ್ಟುಡಿಯೋದ ಲೂಯಿ ಬಿ. ಮೇಯರ್ ಕಡೆಯಿಂದ, ‘ಕೇನ್’ ತಯಾರಿಸಿದ ಆರ್‌ಕೆಓ ಸ್ಟುಡಿಯೋದ ಮುಖ್ಯಸ್ಥ ಜಾರ್ಜ್ ಶೇಫರ್‌ಗೆ ಚಿತ್ರದ ಖರ್ಚು ಕೊಟ್ಟುಬಿಡುತ್ತೇವೆ, ನೆಗೆಟಿವ್ ಸುಟ್ಟುಹಾಕಿ ಎಂಬ ಸಂದೇಶ ಬಂತು. ಶೇಫರ್ ಒಪ್ಪಲಿಲ್ಲ, ಅದು ಅವನ ದೊಡ್ಡತನ. ಆದರೆ ಎಷ್ಟೋ ಚಿತ್ರಮಂದಿರಗಳು ಹೆದರಿ ಚಿತ್ರವನ್ನು ತೆಗೆದುಕೊಳ್ಳಲೇ ಇಲ್ಲ, ಸ್ಟುಡಿಯೋಗೆ ನಷ್ಟವಾಯಿತು.

ಮತದಾರರು ಯಾರು ಎಂಬುದನ್ನೂ ನೋಡಿ. ಆ ವರ್ಷಗಳಲ್ಲಿ ಗುಂಪಿನ ದೃಶ್ಯಗಳಲ್ಲಿ ನಿಲ್ಲುವ ಎಕ್ಸ್‌ಟ್ರಾ ಕಲಾವಿದರಿಗೂ ಮತವಿತ್ತು. ಸ್ಟುಡಿಯೋಗಳು ತಮ್ಮ ಸಂಬಳದವರಿಗೆ ಇಂಥದ್ದಕ್ಕೇ ಹಾಕಿ ಎಂದು ಹೇಳುವುದು ಗುಟ್ಟೇನಾಗಿರಲಿಲ್ಲ. ಇಪ್ಪತ್ತೈದರ ಹುಡುಗ ವೆಲ್ಸ್ ರಂಗಭೂಮಿ, ರೇಡಿಯೋಗಳಿಂದ ಬಂದು ಮೊದಲ ಚಿತ್ರದಲ್ಲೇ ಯಾರಿಗೂ ಸಿಗದ ಸ್ವಾತಂತ್ರ್ಯ ಪಡೆದ. ಊರಿಗೆ ಊರೇ ಹೊಟ್ಟೆ ಉರಿದುಕೊಂಡು ಕುಳಿತಿತ್ತು. ಇದನ್ನು ಸ್ಪರ್ಧೆ ಎಂದು ಹೇಗೆ ಕರೆಯುವುದು?

ಗಾಂಧಿಬಜಾರ್ ಗಿರಾಕಿ

ಹರ್ಸ್ಟ್ ಮಾಡಿದ್ದು ನೀಚ ಕೆಲಸ, ಅದರಲ್ಲಿ ತಕರಾರಿಲ್ಲ. ಆದರೆ ಹರ್ಸ್ಟ್ ಹೆದರಿಕೆ ಇಲ್ಲದ ಜಾಗದಲ್ಲಿ ಏನಾಯಿತು ನೋಡೋಣ. ನ್ಯೂಯಾರ್ಕಿನ ಚಿತ್ರ ವಿಮರ್ಶಕರ ಬಳಗ ಆ ವರ್ಷ ಅತ್ಯುತ್ತಮ ಚಿತ್ರ ‘ಕೇನ್’ ಎಂದೇ ಹೇಳಿತು. ಅದೇ ಬಳಗ ಅತ್ಯುತ್ತಮ ನಿರ್ದೇಶಕ ಎಂದು ಆರಿಸಿದ್ದು ವೆಲ್ಸ್‌ನನ್ನಲ್ಲ, ‘ವ್ಯಾಲಿ’ಗಾಗಿ ಫೋರ್ಡ್‌ನನ್ನು. ಇವರಲ್ಲಿ ಎಕ್ಸ್‌ಟ್ರಾಗಳಿಲ್ಲ, ಸ್ಟುಡಿಯೋ ಸಂಬಳದವರೂ ಇಲ್ಲ. ಇದನ್ನು ನಿಮ್ಮ ಷಡ್ಯಂತ್ರದ ಕತೆಯೊಳಗೆ ಎಲ್ಲಿ ಕೂರಿಸುತ್ತೀರಿ?

ಇನ್ನೊಂದು. ‘ಕೇನ್’ ಛಾಯಾಗ್ರಾಹಕ ಗ್ರೆಗ್ ಟೋಲಂಡ್, ಹತ್ತಿರದ ಮುಖವೂ ದೂರದ ಬಾಗಿಲೂ ಒಂದೇ ಚೌಕಟ್ಟಿನಲ್ಲಿ ಸ್ಪಷ್ಟವಾಗಿ ಕಾಣುವ ಆ ಪದ್ಧತಿಯನ್ನು ಹಿಂದಿನ ವರ್ಷವೇ ಫೋರ್ಡ್ ಜೊತೆ ಪಳಗಿಸಿದ್ದ. ‘ದಿ ಲಾಂಗ್ ವಾಯೇಜ್ ಹೋಮ್’ ನೋಡಿದರೆ ಗೊತ್ತಾಗುತ್ತದೆ. ಸಿನಿಮಾ ಮಾಡುವುದನ್ನು ಕಲಿಯಲು ವೆಲ್ಸ್ ಮತ್ತೆ ಮತ್ತೆ ಹಾಕಿಸಿಕೊಂಡು ನೋಡಿದ್ದು ಫೋರ್ಡ್‌ನ ‘ಸ್ಟೇಜ್‌ಕೋಚ್’. ಅದನ್ನು ಅವನೇ ಹೇಳಿಕೊಂಡಿದ್ದಾನೆ. ಅಂದರೆ ಆ ರಾತ್ರಿ ಗೆದ್ದವನು ಯಾರೋ ದಾರಿಹೋಕನಲ್ಲ, ಸೋತವನ ಮೇಷ್ಟ್ರು.

ಹಿಂದಿನ ಸಾಲು

ಆ ವರ್ಷದ ನಿಜವಾದ ತಮಾಷೆ ಸಂಗೀತ ವಿಭಾಗದಲ್ಲಿದೆ. ‘ಕೇನ್’ಗೆ ಸಂಗೀತ ಕೊಟ್ಟ ಬರ್ನಾರ್ಡ್ ಹರ್ಮನ್ ನಾಮನಿರ್ದೇಶನಗೊಂಡು ಸೋತ. ಅವನನ್ನು ಸೋಲಿಸಿದ್ದು ‘ಆಲ್ ದಟ್ ಮನಿ ಕ್ಯಾನ್ ಬೈ’. ಅದರ ಸಂಗೀತ ನಿರ್ದೇಶಕನೂ ಬರ್ನಾರ್ಡ್ ಹರ್ಮನ್. ಇಲ್ಲಿ ಅನ್ಯಾಯ ಯಾರಿಗಾಯಿತು ಎಂದು ಇಬ್ಬರೂ ತೀರ್ಮಾನಿಸಿ ಹೇಳಿ.

ಸಾಗರದವಳು

ಗಿರಾಕಿ ಅವರ ಮದುವೆಯ ದೃಶ್ಯ ಓದಿ ‘ವ್ಯಾಲಿ’ಯನ್ನು ಮತ್ತೊಮ್ಮೆ ಹಾಕಿಕೊಂಡು ನೋಡಿದೆ. ದೃಶ್ಯ ಅವರು ಹೇಳಿದಂತೆಯೇ ಇದೆ. ಆದರೆ ಉಳಿದ ಚಿತ್ರದ ಬಗ್ಗೆ ನನಗೆ ಕೆಲವು ತಕರಾರುಗಳಿವೆ.

ವೇಲ್ಸ್‌ನ ಹಳ್ಳಿ ಎನ್ನುತ್ತಾರೆ, ಮಾತಿನಲ್ಲಿ ಕೇಳಿಸುವುದು ಐರ್ಲೆಂಡ್. ಆಂಗರಾಡ್ ಆದ ಮೌರೀನ್ ಒ’ಹಾರಾ, ತಾಯಿಯಾದ ಸಾರಾ ಆಲ್‌ಗುಡ್, ಬ್ಯಾರಿ ಫಿಟ್ಜ್‌ಜೆರಾಲ್ಡ್, ಎಲ್ಲರೂ ಡಬ್ಲಿನ್ ಕಡೆಯವರು. ಯುದ್ಧ ಶುರುವಾಗಿದ್ದರಿಂದ ಬ್ರಿಟನ್ನಿಗೆ ಹೋಗಲಾಗದೆ ಇಡೀ ಹಳ್ಳಿಯನ್ನು ಕ್ಯಾಲಿಫೋರ್ನಿಯಾದ ಮಲಿಬು ಬಳಿಯ ಬೆಟ್ಟದ ಮೇಲೆ ಕಟ್ಟಿದರು. ಕಟ್ಟಿದ್ದು ಚೆನ್ನಾಗಿದೆ, ಕಲಾ ವಿಭಾಗದ ಪ್ರಶಸ್ತಿಯೂ ಬಂತು. ಆದರೆ ಗಣಿ ಕಾರ್ಮಿಕರ ಮನೆ ಅಷ್ಟು ಒಪ್ಪವಾಗಿರುತ್ತದೆಯೇ? ಮುಷ್ಕರ ತಿಂಗಳುಗಟ್ಟಲೆ ನಡೆದರೂ ಹಸಿವು ಊಟದ ಮೇಜಿನವರೆಗೆ ಬರುವುದೇ ಇಲ್ಲ. ಅಪ್ಪ ಸಂಘ ಬೇಡ ಎನ್ನುತ್ತಾನೆ, ಚಿತ್ರವೂ ಮೆಲ್ಲಗೆ ಅಪ್ಪನ ಪಕ್ಕ ಹೋಗಿ ನಿಲ್ಲುತ್ತದೆ.

ಆದರೂ ಅನ್ಯಾಯ ಎಂಬ ಮಾತನ್ನು ನಾನು 1941ಕ್ಕೆ ಖರ್ಚು ಮಾಡುವುದಿಲ್ಲ, 1952ಕ್ಕೆ ಉಳಿಸಿಕೊಳ್ಳುತ್ತೇನೆ. ಆ ವರ್ಷದ ಅತ್ಯುತ್ತಮ ಚಿತ್ರ ಸೆಸಿಲ್ ಬಿ. ಡಿಮಿಲ್ ಮಾಡಿದ ಸರ್ಕಸ್ ಚಿತ್ರ ‘ದಿ ಗ್ರೇಟೆಸ್ಟ್ ಶೋ ಆನ್ ಅರ್ಥ್’. ಸೋತದ್ದು ‘ಹೈ ನೂನ್’. ‘ಸಿಂಗಿನ್ ಇನ್ ದಿ ರೇನ್’ ಅತ್ಯುತ್ತಮ ಚಿತ್ರದ ಐದರ ಪಟ್ಟಿಯೊಳಗೇ ಬರಲಿಲ್ಲ. ‘ಹೈ ನೂನ್’ ಬರೆದ ಕಾರ್ಲ್ ಫೋರ್‌ಮನ್‌ನನ್ನು ಚಿತ್ರೀಕರಣ ನಡೆಯುತ್ತಿರುವಾಗಲೇ ಅಮೆರಿಕದ ಸಂಸತ್ತಿನ ವಿಚಾರಣಾ ಸಮಿತಿ ಕರೆಸಿತು. ನಿನ್ನ ಜೊತೆ ಕಮ್ಯುನಿಸ್ಟರಾಗಿದ್ದವರ ಹೆಸರು ಹೇಳು ಎಂದಿತು. ಅವನು ಹೇಳಲಿಲ್ಲ. ಕೆಲಸ ಕೊಡಬಾರದವರ ಪಟ್ಟಿಗೆ ಸೇರಿ ಇಂಗ್ಲೆಂಡಿಗೆ ಹೋದ. ಊರಿನವರೆಲ್ಲ ಬಾಗಿಲು ಹಾಕಿಕೊಂಡಾಗ ಒಬ್ಬನೇ ಬೀದಿಯಲ್ಲಿ ನಿಲ್ಲುವ, ಊರು ಕಾಯುವ ಮಾರ್ಷಲ್‌ನ ಕತೆಯನ್ನು ಎಂಥ ದಿನಗಳಲ್ಲಿ ಬರೆದ ನೋಡಿ. ಹಾಲಿವುಡ್ ಬಾಗಿಲು ಹಾಕಿಕೊಂಡು ಸರ್ಕಸ್ಸಿಗೆ ಮತ ಹಾಕಿತು.

ಕತ್ತರಿ ಪ್ರಯೋಗ

ಸಾಗರದವರೇ, 1952ರ ಕುರಿತು ಪೂರ್ತಿ ಒಪ್ಪಿಗೆ. ಒಂದು ಕಹಿ ನಗೆಯ ವಿಷಯ ಸೇರಿಸುತ್ತೇನೆ. ‘ಹೈ ನೂನ್’ ನಟನೆಗಾಗಿ ಗ್ಯಾರಿ ಕೂಪರ್‌ಗೆ ಪ್ರಶಸ್ತಿ ಬಂತು, ಅವನು ಸಮಾರಂಭದಲ್ಲಿರಲಿಲ್ಲ. ಅವನ ಪರವಾಗಿ ವೇದಿಕೆ ಹತ್ತಿ ತೆಗೆದುಕೊಂಡವನು ಜಾನ್ ವೇನ್. ಅದೇ ವೇನ್ ಮುಂದೆ ಆ ಚಿತ್ರ ಅಮೆರಿಕಕ್ಕೇ ಅವಮಾನ ಎಂಬರ್ಥದಲ್ಲಿ ಉಗಿದ. ಫೋರ್‌ಮನ್ ನಂತರ ಮೈಕಲ್ ವಿಲ್ಸನ್ ಜೊತೆ ‘ದಿ ಬ್ರಿಡ್ಜ್ ಆನ್ ದಿ ರಿವರ್ ಕ್ವಾಯ್’ ಬರೆದಾಗಲೂ ಇಬ್ಬರ ಹೆಸರೂ ಪರದೆಯ ಮೇಲೆ ಬರಲಿಲ್ಲ. ಚಿತ್ರಕಥೆಯ ಆಸ್ಕರ್ ಹೋದದ್ದು ಇಂಗ್ಲಿಷಿನಲ್ಲಿ ಬರೆಯದ ಫ್ರೆಂಚ್ ಕಾದಂಬರಿಕಾರ ಪಿಯರ್ ಬೂಲ್‌ಗೆ. ನಿಜವಾಗಿ ಬರೆದವರಿಗೆ ಅಕಾಡೆಮಿ ಅದನ್ನು ಕೊಟ್ಟದ್ದು ಇಬ್ಬರೂ ತೀರಿಕೊಂಡ ಮೇಲೆ.

ಈಗ 1941ಕ್ಕೆ ವಾಪಸ್. ಗಿರಾಕಿ ಅವರು ವಿಮರ್ಶಕರ ಬಳಗವನ್ನು ಎಳೆದು ತಂದಿದ್ದು ಒಳ್ಳೆಯ ಪಟ್ಟು. ಹಾಗಾದರೆ ಅತ್ಯುತ್ತಮ ಚಿತ್ರ, ನಿರ್ದೇಶಕ ಎರಡನ್ನೂ ಪಕ್ಕಕ್ಕಿಡಿ. ನನ್ನ ಕಸುಬಿನ ಪ್ರಶಸ್ತಿಯನ್ನು ಹಿಡಿದು ಕೇಳುತ್ತೇನೆ. ‘ಕೇನ್’ ಸಂಕಲನಕಾರ ರಾಬರ್ಟ್ ವೈಸ್. ಕೇನ್‌ನ ಮೊದಲ ದಾಂಪತ್ಯ ಹಳಸುವುದನ್ನು ಹೇಳಲು ಆ ಚಿತ್ರ ತೆಗೆದುಕೊಳ್ಳುವುದು ಎರಡು ಚಿಲ್ಲರೆ ನಿಮಿಷ. ಬೆಳಗಿನ ತಿಂಡಿಯ ಮೇಜು, ಬೇರೆ ಬೇರೆ ವರ್ಷಗಳು. ಮೊದಲು ಒಬ್ಬರಿಗೊಬ್ಬರು ಒತ್ತಿಕೊಂಡು ಕುಳಿತ ಹೊಸ ಜೋಡಿ. ಕ್ಯಾಮೆರಾ ಸರ್ರನೆ ತಿರುಗುತ್ತದೆ, ಉಡುಪು ಬದಲಾಗಿದೆ, ದನಿ ಸ್ವಲ್ಪ ಬಿಗಿದಿದೆ. ಮತ್ತೆ ತಿರುಗುತ್ತದೆ, ಈಗ ಮಾತು ಚುಚ್ಚುತ್ತಿದೆ. ಕೊನೆಗೆ ಮಾತೇ ಇಲ್ಲ. ಉದ್ದನೆಯ ಮೇಜಿನ ಒಂದು ತುದಿಯಲ್ಲಿ ಅವನು ತನ್ನ ‘ಇನ್‌ಕ್ವೈರರ್’ ಹಿಡಿದಿದ್ದಾನೆ, ಇನ್ನೊಂದು ತುದಿಯಲ್ಲಿ ಹೆಂಡತಿ ಗಂಡನ ಪ್ರತಿಸ್ಪರ್ಧಿಯ ‘ಕ್ರಾನಿಕಲ್’ ಓದುತ್ತಿದ್ದಾಳೆ. ಜಗಳವಿಲ್ಲ, ಅಳುವಿಲ್ಲ, ಒಂದು ಪತ್ರಿಕೆಯ ಹೆಸರು ಸಾಕು.

ಸಂಕಲನದ ಪಾಠ ಹೇಳುವ ಕಡೆಯಲ್ಲೆಲ್ಲ ಇಂದಿಗೂ ಇದನ್ನು ಹಾಕಿ ತೋರಿಸುತ್ತಾರೆ. ಆ ವರ್ಷದ ಸಂಕಲನ ಪ್ರಶಸ್ತಿ ಹೋದದ್ದು ಎಲ್ಲಿಗೆ? ‘ಸಾರ್ಜೆಂಟ್ ಯಾರ್ಕ್’ಗೆ. ಛಾಯಾಗ್ರಹಣದಲ್ಲಿ ಟೋಲಂಡ್ ಸೋತದ್ದು ‘ವ್ಯಾಲಿ’ಯ ಆರ್ಥರ್ ಮಿಲ್ಲರ್‌ಗೆ. ಇವೆರಡನ್ನೂ ಸಮರ್ಥಿಸಿ ನೋಡೋಣ.

ಗಾಂಧಿಬಜಾರ್ ಗಿರಾಕಿ

ಸಂಕಲನದ ವಿಷಯದಲ್ಲಿ ಸಮರ್ಥನೆ ಇಲ್ಲ, ಅದು ನಿಮಗೇ ಇರಲಿ. ‘ಸಾರ್ಜೆಂಟ್ ಯಾರ್ಕ್’ ಹನ್ನೊಂದು ನಾಮನಿರ್ದೇಶನ ಪಡೆದು ಆ ವರ್ಷ ಎಲ್ಲರಿಗಿಂತ ಮುಂದಿದ್ದ ಯುದ್ಧವೀರನ ಚಿತ್ರ. ಪರ್ಲ್ ಹಾರ್ಬರ್ ಮೇಲೆ ದಾಳಿಯಾದದ್ದು 1941ರ ಡಿಸೆಂಬರ್ 7, ಸಮಾರಂಭ ನಡೆದದ್ದು 1942ರ ಫೆಬ್ರವರಿ 26. ಅದಕ್ಕೆ ಎರಡೇ ಪ್ರಶಸ್ತಿ ಸಿಕ್ಕಿದ್ದು ನನಗೆ ಆಶ್ಚರ್ಯ.

ಇಲ್ಲೇ ನನ್ನ ಇನ್ನೊಂದು ಮಾತಿದೆ. ಊರೆಲ್ಲ ಯುದ್ಧಕ್ಕೆ ಹೊರಟು ನಿಂತಿರುವಾಗ ಮನೆ ಒಡೆದು ಮಕ್ಕಳು ದೇಶಾಂತರ ಹೋಗುವ ಕತೆಗೆ ಮನಸ್ಸು ಕರಗುವುದು ಸಹಜ. ಹಣದ ಗುಡ್ಡದ ಮೇಲೆ ಒಂಟಿಯಾಗಿ ಸಾಯುವ ಅಹಂಕಾರಿಯ ಕತೆ ಆ ವಾರ ಯಾರಿಗೆ ಬೇಕಿತ್ತು? ಇದನ್ನು ದೋಷ ಎನ್ನಿ, ನಾನು ಪ್ರೇಕ್ಷಕರ ಪ್ರಾಮಾಣಿಕತೆ ಎನ್ನುತ್ತೇನೆ.

ಸಾಗರದವರ ಐರಿಷ್ ತಕರಾರು ನಿಜ. ಆದರೆ ಫೋರ್ಡ್‌ನ ಅಪ್ಪ ಅಮ್ಮ ಐರ್ಲೆಂಡಿನಿಂದ ಅಮೆರಿಕಕ್ಕೆ ಬಂದವರು. ಅವನು ತೆಗೆದದ್ದು ತನ್ನ ಮನೆಯನ್ನೇ. ಅಪ್ಪನ ಪಕ್ಕ ಚಿತ್ರ ನಿಲ್ಲುತ್ತದೆ ಎಂಬುದನ್ನು ಮಾತ್ರ ಒಪ್ಪುವುದಿಲ್ಲ. ಸಂಘ ಬೇಕೆಂದ ಮಕ್ಕಳ ಮಾತೇ ನಿಜವಾಗುತ್ತದೆ, ಗಣಿ ಅಪ್ಪನನ್ನೇ ನುಂಗುತ್ತದೆ. ನೆನಪು ಹೇಳುತ್ತಿರುವುದು ಅಪ್ಪನನ್ನು ದೇವರಂತೆ ಕಂಡ ಚಿಕ್ಕ ಹುಡುಗ, ಆದ್ದರಿಂದ ಮನೆ ಒಪ್ಪವಾಗಿದೆ, ಊಟದ ಮೇಜು ತುಂಬಿದೆ. ಕಣಿವೆ ಹಸಿರಾಗಿತ್ತು ಎನ್ನುತ್ತಾನೆ, ಕಣ್ಣೆದುರಿಗೆ ಕಲ್ಲಿದ್ದಲ ಕಸದ ಗುಡ್ಡವಿದೆ. ಈ ಎರಡರ ನಡುವಿನ ಅಂತರವನ್ನು ಫೋರ್ಡ್ ಬೇಕೆಂದೇ ಬಿಟ್ಟಿದ್ದಾನೆ.

ಕಬಿನಿ ದಂಡೆ

ನಡುವೆ ಬಾಯಿ ಹಾಕುತ್ತಿದ್ದೇನೆ. ಇದೇ ಕಾಲದ ಆಸ್ಕರ್ ಪಟ್ಟಿಯಲ್ಲಿ ನಮ್ಮ ಕಡೆಯ ಒಬ್ಬ ಹುಡುಗನೂ ಇದ್ದಾನೆ, ಯಾರೂ ನೆನೆಯುವುದಿಲ್ಲ. ಹಿಂದಿನ ವರ್ಷ, ಅಂದರೆ 1940ರ ಚಿತ್ರಗಳಿಗೆ ಕೊಟ್ಟ ಪ್ರಶಸ್ತಿಗಳಲ್ಲಿ ಅಲೆಕ್ಸಾಂಡರ್ ಕೋರ್ಡಾ ನಿರ್ಮಿಸಿದ ‘ದಿ ಥೀಫ್ ಆಫ್ ಬಾಗ್ದಾದ್’ಗೆ ಮೂರು ಬಂದವು: ವರ್ಣ ಛಾಯಾಗ್ರಹಣ, ವರ್ಣ ಚಿತ್ರದ ಕಲಾ ನಿರ್ದೇಶನ, ವಿಶೇಷ ಪರಿಣಾಮಗಳು. ಆ ಚಿತ್ರದ ಕಳ್ಳ ಅಬು ಆಗಿ ಚಿತ್ರವನ್ನು ಹೆಗಲ ಮೇಲೆ ಹೊತ್ತವನು ಸಾಬು. ಮೈಸೂರು ಸಂಸ್ಥಾನದ ಕಾರಾಪುರದ ಮಾವುತನ ಮಗ. ‘ಎಲಿಫೆಂಟ್ ಬಾಯ್’ ಚಿತ್ರಕ್ಕಾಗಿ ರಾಬರ್ಟ್ ಫ್ಲಾಹರ್ಟಿ ತಂಡ ಮೈಸೂರಿಗೆ ಬಂದಾಗ ಸಿಕ್ಕವನು.

ಪ್ರಶಸ್ತಿ ಬಣ್ಣಕ್ಕೆ ಬಂತು, ಸೆಟ್ಟಿಗೆ ಬಂತು, ಹಾರುವ ಕಂಬಳಿಗೆ ಬಂತು. ಹುಡುಗನನ್ನು ಕೇಳಿದವರಿಲ್ಲ. ನೀವು ಐದು ಮತ್ತು ಒಂದರ ಲೆಕ್ಕಕ್ಕೆ ಬಡಿದಾಡುತ್ತಿರುವುದನ್ನು ನೋಡಿ ಹೇಳಬೇಕೆನ್ನಿಸಿತು.

ಹಿಂದಿನ ಸಾಲು

ಕಬಿನಿ ಅವರೇ, ಈ ಚರ್ಚೆಯಲ್ಲಿ ಇದುವರೆಗೆ ಬಂದ ಅತ್ಯುತ್ತಮ ದೂರು ನಿಮ್ಮದೇ. ನನ್ನ ಮತ ಸಾಬುಗೆ.

ಮೇಪಲ್ ಮರ

ಟೊರಾಂಟೊದಿಂದ ಓದುತ್ತಿದ್ದೇನೆ. ನನಗೆ ಇದಕ್ಕೆಲ್ಲ ಒಂದು ಸುಲಭ ಪರಿಹಾರ ಹೊಳೆಯುತ್ತದೆ. ಚಿತ್ರ ಬಂದ ವರ್ಷವೇ ಪ್ರಶಸ್ತಿ ಕೊಡುವುದರಿಂದ ತಾನೇ ಇಷ್ಟೆಲ್ಲ ರಗಳೆ? ಹತ್ತು ವರ್ಷ ಬಿಟ್ಟು ಮತ ಹಾಕಲಿ. ಪ್ರಚಾರ, ಹೊಟ್ಟೆಕಿಚ್ಚು, ಯುದ್ಧದ ಆವೇಶ ಎಲ್ಲ ಇಳಿದಿರುತ್ತದೆ. ‘ಕೇನ್’ ಆರಾಮವಾಗಿ ಗೆಲ್ಲುತ್ತಿತ್ತು.

ಸಾಗರದವಳು

ಮೇಪಲ್ ಅವರೇ, ಗೆಲ್ಲುತ್ತಿರಲಿಲ್ಲ. ಇದು ಊಹೆಯಲ್ಲ, ಪರೀಕ್ಷೆ ನಡೆದೇಹೋಗಿದೆ. ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ ಲೋಕದ ವಿಮರ್ಶಕರನ್ನು ಕೇಳಿ ಶ್ರೇಷ್ಠ ಚಿತ್ರಗಳ ಪಟ್ಟಿ ಮಾಡಲು ಶುರುಮಾಡಿದ್ದು 1952ರಲ್ಲಿ. ಆಗ ಮೊದಲ ಸ್ಥಾನ ‘ಬೈಸಿಕಲ್ ಥೀವ್ಸ್’ಗೆ. ‘ಕೇನ್’ ಮೊದಲ ಹತ್ತರಲ್ಲೂ ಇಲ್ಲ. 1962ರಲ್ಲಿ ಏಕಾಏಕಿ ಮೇಲಕ್ಕೇರಿ 2002ರ ಪಟ್ಟಿಯವರೆಗೂ ಅಲ್ಲಿಂದ ಕದಲಲಿಲ್ಲ. ನಡುವೆ ಆದದ್ದಿಷ್ಟು: ಯುದ್ಧ ಮುಗಿದ ಮೇಲೆ ಫ್ರೆಂಚರು ನೋಡಿ ಹೊಗಳಿದರು, ಅಮೆರಿಕದ ದೂರದರ್ಶನದಲ್ಲಿ ಬರತೊಡಗಿತು, 1956ರಲ್ಲಿ ಮತ್ತೆ ಬಿಡುಗಡೆಯಾಯಿತು. ನೋಡಲು ಸಿಕ್ಕ ಮೇಲೆ ತಾನೇ ಶ್ರೇಷ್ಠ ಎನ್ನುವುದು.

2012ರಲ್ಲಿ ಅದನ್ನು ಇಳಿಸಿ ಹಿಚ್‌ಕಾಕನ ‘ವರ್ಟಿಗೋ’ ಏರಿತು. 1958ರಲ್ಲಿ ಆ ಚಿತ್ರಕ್ಕೆ ಆಸ್ಕರ್ ನಾಮನಿರ್ದೇಶನ ಸಿಕ್ಕಿದ್ದು ಎರಡೇ, ಕಲಾ ನಿರ್ದೇಶನ ಮತ್ತು ಧ್ವನಿ. ಆ ವರ್ಷ ‘ಜೀಜೀ’ ಒಂಬತ್ತಕ್ಕೆ ಒಂಬತ್ತನ್ನೂ ಬಾಚಿಕೊಂಡಿತು. 2022ರಲ್ಲಿ ‘ವರ್ಟಿಗೋ’ ಕೂಡ ಇಳಿದು ಶಾಂತಾಲ್ ಆಕರ್ಮನ್ ಅವರ ‘ಜನ್ ದೀಲ್ಮನ್’ ಮೊದಲಾಯಿತು. ಹತ್ತು ವರ್ಷ ಎನ್ನುತ್ತೀರಿ. ಇಪ್ಪತ್ತು ಎಂದರೆ ಒಂದು ಉತ್ತರ, ಎಪ್ಪತ್ತು ಎಂದರೆ ಇನ್ನೊಂದು. ಯಾವ ವರ್ಷ ಪೆಟ್ಟಿಗೆ ತೆರೆಯುತ್ತೀರಿ?

ಮೇಪಲ್ ಮರ

ಪೆಟ್ಟಿಗೆಯನ್ನು ನಿಮ್ಮ ಮನೆಗೇ ಕಳಿಸುತ್ತೇನೆ, ನಿಮಗೆ ತೋಚಿದಾಗ ತೆರೆಯಿರಿ. ಆದರೆ ಒಂದು ಸಂದೇಹ. ಹಿಚ್‌ಕಾಕ್‌ಗೆ ನಿರ್ದೇಶನಕ್ಕೆ ಒಂದೂ ಬರಲಿಲ್ಲ ಎನ್ನುತ್ತಾರೆ. ‘ರೆಬೆಕಾ’ ಗೆದ್ದಿತ್ತಲ್ಲವೇ?

ಕತ್ತರಿ ಪ್ರಯೋಗ

ಗೆದ್ದಿತ್ತು, 1940ರ ಅತ್ಯುತ್ತಮ ಚಿತ್ರ. ಆದರೆ ಆ ಪ್ರಶಸ್ತಿ ನಿರ್ಮಾಪಕ ಡೇವಿಡ್ ಸೆಲ್ಜ್‌ನಿಕ್ ಕೈಗೆ ಹೋಯಿತು. ನಿರ್ದೇಶನಕ್ಕೆ ಹಿಚ್‌ಕಾಕ್ ಐದು ಸಲ ನಾಮನಿರ್ದೇಶನಗೊಂಡ: ‘ರೆಬೆಕಾ’, ‘ಲೈಫ್‌ಬೋಟ್’, ‘ಸ್ಪೆಲ್‌ಬೌಂಡ್’, ‘ರಿಯರ್ ವಿಂಡೋ’, ‘ಸೈಕೋ’. ಐದೂ ಸೋಲು. ‘ರೆಬೆಕಾ’ ವರ್ಷ ಅವನನ್ನು ಸೋಲಿಸಿದವನು ‘ದಿ ಗ್ರೇಪ್ಸ್ ಆಫ್ ರಾತ್’ನ ಜಾನ್ ಫೋರ್ಡ್. ಗಿರಾಕಿ ಅವರ ಮೇಷ್ಟ್ರು ಒಂದು ವರ್ಷ ಹಿಚ್‌ಕಾಕ್‌ನನ್ನು, ಮರುವರ್ಷ ವೆಲ್ಸ್‌ನನ್ನು ಮಲಗಿಸಿದ್ದಾರೆ.

ಕೊನೆಗೆ 1968ರಲ್ಲಿ ಅಕಾಡೆಮಿ ಹಿಚ್‌ಕಾಕ್‌ಗೆ ಥಾಲ್‌ಬರ್ಗ್ ಸ್ಮಾರಕ ಪ್ರಶಸ್ತಿ ಕೊಟ್ಟಿತು. ಅವನು ವೇದಿಕೆಗೆ ಬಂದು ಒಂದು ವಾಕ್ಯದಷ್ಟೂ ಉದ್ದವಿಲ್ಲದ ಧನ್ಯವಾದ ಹೇಳಿ ನಡೆದ. ವೆಲ್ಸ್‌ಗೆ ಗೌರವ ಆಸ್ಕರ್ ಕೊಟ್ಟ ಸಂಜೆ ಅವನು ಸಭೆಯಲ್ಲೇ ಇರಲಿಲ್ಲ, ಜಾನ್ ಹ್ಯೂಸ್ಟನ್ ತೆಗೆದುಕೊಂಡ. ಇಳಿವಯಸ್ಸಿನಲ್ಲಿ ಕೊಡುವ ಈ ಗೌರವ ಪ್ರಶಸ್ತಿಗಳನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ.

ಗಾಂಧಿಬಜಾರ್ ಗಿರಾಕಿ

ಮೇಷ್ಟ್ರನ್ನು ಖಳನಾಯಕನನ್ನಾಗಿ ಮಾಡುವ ಮೊದಲು ಇದನ್ನು ಕೇಳಿ. ಡಿಮಿಲ್ ಹೆಸರು ಬಂತಲ್ಲ. 1950ರಲ್ಲಿ ನಿರ್ದೇಶಕರ ಸಂಘದ ಎಲ್ಲ ಸದಸ್ಯರೂ ದೇಶನಿಷ್ಠೆಯ ಪ್ರಮಾಣಪತ್ರಕ್ಕೆ ಸಹಿ ಹಾಕಬೇಕು ಎಂದು ಡಿಮಿಲ್ ಬಣ ಹಟ ಹಿಡಿಯಿತು. ಒಪ್ಪದ ಅಧ್ಯಕ್ಷನನ್ನು ಇಳಿಸಲು ಹೊರಟಿತು. ಆ ಅಧ್ಯಕ್ಷ ಜೋಸೆಫ್ ಮ್ಯಾಂಕಿವಿಟ್ಜ್, ‘ಕೇನ್’ ಬರೆದ ಹರ್ಮನ್‌ನ ತಮ್ಮ. ಗಂಟೆಗಟ್ಟಲೆ ನಡೆದ ಸಭೆಯಲ್ಲಿ ಎಲ್ಲರ ಮಾತೂ ಮುಗಿಯುವವರೆಗೆ ಸುಮ್ಮನಿದ್ದು, ಕೊನೆಗೆ ಎದ್ದು ಡಿಮಿಲ್‌ನ ಮುಖಕ್ಕೇ ನಿನ್ನ ರೀತಿ ನನಗೆ ಹಿಡಿಸುವುದಿಲ್ಲ ಎಂದವನು ಜಾನ್ ಫೋರ್ಡ್. ಅವನು ಬಲಪಂಥದ ಗೆಳೆಯರಿದ್ದವನು, ಆ ಮಾತಿಗೆ ತೂಕವಿತ್ತು. ಮ್ಯಾಂಕಿವಿಟ್ಜ್ ಉಳಿದ.

ಸಾಗರದವರ 1952ರಲ್ಲೂ ನಿರ್ದೇಶನದ ಪ್ರಶಸ್ತಿ ಡಿಮಿಲ್‌ಗೆ ಹೋಗಲಿಲ್ಲ, ‘ದಿ ಕ್ವಾಯಟ್ ಮ್ಯಾನ್’ಗಾಗಿ ಫೋರ್ಡ್‌ಗೆ ಬಂತು. ಅದು ಅವನ ನಾಲ್ಕನೆಯದು. ಕೌಬಾಯ್ ಚಿತ್ರಗಳ ದೊರೆ ಎನ್ನಿಸಿಕೊಂಡವನಿಗೆ ಆ ನಾಲ್ಕರಲ್ಲಿ ಒಂದೂ ಕೌಬಾಯ್ ಚಿತ್ರಕ್ಕೆ ಬಂದದ್ದಲ್ಲ. 1956ರ ‘ದಿ ಸರ್ಚರ್ಸ್’ಗೆ ಒಂದು ನಾಮನಿರ್ದೇಶನವೂ ಇಲ್ಲ. ಅನ್ಯಾಯದ ಪಟ್ಟಿ ಬೇಕಾದರೆ ಫೋರ್ಡ್ ಹೆಸರನ್ನು ಅಲ್ಲಿಂದ ಶುರುಮಾಡಿ.

ಸಾಗರದವಳು

‘ಸರ್ಚರ್ಸ್’ ಬಿಟ್ಟು ಆ ವರ್ಷ ಗೆದ್ದದ್ದು ‘ಅರೌಂಡ್ ದಿ ವರ್ಲ್ಡ್ ಇನ್ 80 ಡೇಸ್’. ಅದನ್ನು ಇಲ್ಲಿ ಯಾರಾದರೂ ಸಮರ್ಥಿಸಿದರೆ ನಾನು ಈ ಬಳಗ ಬಿಡುತ್ತೇನೆ.

ಹಿಂದಿನ ಸಾಲು

ಸಮರ್ಥಿಸುವುದಿಲ್ಲ, ಬಿಡಬೇಡಿ. ಮ್ಯಾಂಕಿವಿಟ್ಜ್ ತಮ್ಮನ ಮಾತು ಬಂತಲ್ಲ, ಅದನ್ನೇ ಹಿಡಿಯೋಣ. 1950ರಲ್ಲಿ ಅವನ ‘ಆಲ್ ಅಬೌಟ್ ಈವ್’ ಹದಿನಾಲ್ಕು ನಾಮನಿರ್ದೇಶನ ಪಡೆದು ‘ಸನ್‌ಸೆಟ್ ಬುಲೆವಾರ್ಡ್’ ಅನ್ನು ಸೋಲಿಸಿತು. ನಟಿಯರ ಸಾಲಿನಲ್ಲಿ ‘ಈವ್’ನಿಂದ ಬೆಟ್ಟಿ ಡೇವಿಸ್ ಮತ್ತು ಆನ್ ಬ್ಯಾಕ್ಸ್‌ಟರ್ ಇಬ್ಬರೂ, ಎದುರಿಗೆ ಗ್ಲೋರಿಯಾ ಸ್ವಾನ್ಸನ್. ಗೆದ್ದವಳು ‘ಬಾರ್ನ್ ಯೆಸ್ಟರ್‌ಡೇ’ಯ ಜೂಡಿ ಹಾಲಿಡೇ. ನನ್ನ ಪ್ರಕಾರ ಹಾಲಿಡೇ ಗೆದ್ದದ್ದು ಸರಿಯೇ. ಬನ್ನಿ.

ಕತ್ತರಿ ಪ್ರಯೋಗ

ಸ್ವಾನ್ಸನ್ ಮುಂದೆ ಹಾಲಿಡೇ? ತಾಳಿ, ಊಟ ಮುಗಿಸಿ ಬರುತ್ತೇನೆ.